ತೇವ ಹೀರುವ ಡಬ್ಬಿ: ಮೂರು ವರ್ಷದ ಬಳಕೆ, ಒಂದು ಡ್ರಾಯರ್ ನಷ್ಟ

ಮೊದಲ ವರ್ಷ ಕೇಳಿದ್ದರೆ ಐದಕ್ಕೆ ಐದು ನಕ್ಷತ್ರ ಕೊಟ್ಟುಬಿಡುತ್ತಿದ್ದೆ. ಎರಡನೇ ವರ್ಷ ಕೇಳಿದ್ದರೆ ಇಲ್ಲಿ ಬರೆಯಲಾಗದ ಮಾತು ಬರುತ್ತಿತ್ತು. ಈಗ ಮೂರು ವರ್ಷ ತುಂಬಿದೆ. ಸಿಟ್ಟು ಅರ್ಧ ಇಳಿದಿದೆ. ಬರೆಯಲು ಇದೇ ಸರಿಯಾದ ಹೊತ್ತು ಅನ್ನಿಸಿತು.

ನಾನು ಹೇಳುತ್ತಿರುವುದು ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ. ನೀವೂ ನೋಡಿರುತ್ತೀರಿ. ಮೇಲೆ ಜಾಲರಿ ಮುಚ್ಚಳ, ಅದರಡಿ ಬಿಳಿ ಹರಳು, ತಳದಲ್ಲಿ ನೀರು ಸೇರುವ ತೊಟ್ಟಿ. ಕರೆಂಟ್ ಬೇಡ, ಸದ್ದೂ ಇಲ್ಲ. ಕಂಪ್ರೆಸರ್ ಇರುವ ಡಿಹ್ಯೂಮಿಡಿಫೈಯರ್ ಕೊಂಡು ಗ್ಯಾರೇಜಿನಲ್ಲಿ ಇಡುವಷ್ಟು ದುಡ್ಡು ನನ್ನಲ್ಲಿರಲಿಲ್ಲ. ಇದಾದರೆ ಒಂದು ಸಾಧಾರಣ ಸ್ಪ್ಯಾನರ್ ಸೆಟ್ಟಿಗಿಂತ ಅಗ್ಗ. ಮೂರು ಡಬ್ಬಿ, ಜೊತೆಗೆ ರೀಫಿಲ್ ಪ್ಯಾಕೆಟ್ ತಂದೆ.

ಗ್ಯಾರೇಜ್ ಎಂಥದ್ದು ಅಂತ ಹೇಳಿಬಿಡುತ್ತೇನೆ. ಕಾಂಕ್ರೀಟ್ ನೆಲ, ಶಟರ್ ಬಾಗಿಲು, ಕಿಟಕಿ ಇಲ್ಲ. ಮಳೆಯಲ್ಲಿ ನೆನೆದ ಕಾರು ಒಳಗೆ ಬಂದು ನಿಂತರೆ ಅದರ ನೀರೆಲ್ಲ ರಾತ್ರಿಯಿಡೀ ಗಾಳಿಗೆ ಸೇರುತ್ತದೆ. ಬೆಳಗ್ಗೆ ಹೋಗಿ ವೈಸ್ (ವಸ್ತುವನ್ನು ಬಿಗಿದು ಹಿಡಿಯುವ ಕಬ್ಬಿಣದ ಉಪಕರಣ) ಮುಟ್ಟಿದರೆ ಬೆರಳಿಗೆ ಒದ್ದೆ ಹತ್ತುತ್ತದೆ. ಸೂರು ಸೋರಿದ್ದಲ್ಲ. ರಾತ್ರಿ ತಣ್ಣಗಾದ ದಪ್ಪ ಕಬ್ಬಿಣ, ಬೆಳಗಿನ ಬೆಚ್ಚನೆ ಗಾಳಿ ತಾಗಿದ ಕೂಡಲೇ ಬೆವರುತ್ತದೆ. ಗಾಳಿ 30 ಡಿಗ್ರಿ ಇದ್ದು ತೇವ ಶೇ 80 ಇದ್ದರೆ, 26 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹದ ಮೇಲೂ ಹನಿ ಕಟ್ಟುತ್ತದೆ. ಹನಿ ಕಟ್ಟಲೇಬೇಕು ಅಂತಲೂ ಇಲ್ಲ. ಗಾಳಿಯ ತೇವ ಶೇ 60 ದಾಟಿದರೆ ಸಾಕು, ಬರಿಮೈ ಉಕ್ಕಿಗೆ ತುಕ್ಕು ಹತ್ತುವ ವೇಗ ಏರುತ್ತದೆ.

ಈ ಡಬ್ಬಿಯ ಮೋಡಿ ಏನು ಗೊತ್ತಾ? ಅದು ಕೆಲಸ ಮಾಡುವುದು ಕಣ್ಣಿಗೆ ಕಾಣುತ್ತದೆ. ಪ್ರತಿ ಭಾನುವಾರ ಬೆಳಗ್ಗೆ ಟೀ ಲೋಟ ಹಿಡಿದು ಗ್ಯಾರೇಜಿಗೆ ಹೋಗುತ್ತಿದ್ದೆ. ಒಂದೊಂದೇ ಡಬ್ಬಿಯನ್ನು ಎತ್ತಿ, ಬಲ್ಬಿನ ಬೆಳಕಿಗೆ ಹಿಡಿದು, ನೀರು ಎಲ್ಲಿಗೆ ಬಂದಿದೆ ಅಂತ ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೆದು ತಾರೀಕು ಬರೆಯುತ್ತಿದ್ದೆ. ಮೊದಲ ವಾರ ಹರಳು ಒಂದಕ್ಕೊಂದು ಅಂಟುತ್ತವೆ. ಆಮೇಲೆ ಇಡೀ ಹರಳಿನ ರಾಶಿ ಮಂಜುಗಡ್ಡೆಯ ಹಾಗೆ ಒಂದೇ ಗಟ್ಟಿಯಾಗುತ್ತದೆ. ಒಂದು ದಿನ ಅದರ ನಡುವೆ ಸಣ್ಣ ತೂತು ಬೀಳುತ್ತದೆ, ತೂತು ಅಗಲವಾಗುತ್ತದೆ, ಕೊನೆಗೆ ಅಂಚಿಗೆ ಅಂಟಿದ ಒಂದು ತೆಳ್ಳನೆ ಬಳೆ ಮಾತ್ರ ಉಳಿಯುತ್ತದೆ. ಅದೂ ಕರಗಿ ಕೆಳಗೆ ಬಿದ್ದ ದಿನ ರೀಫಿಲ್. "ನೋಡಿ, ಈ ವಾರ ಇಷ್ಟು ನೀರು" ಅಂತ ಮನೆಯವರಿಗೆಲ್ಲ ತೋರಿಸಿದ್ದೇನೆ. ಯಾರೂ ಅಷ್ಟಾಗಿ ಮೆಚ್ಚಲಿಲ್ಲ. ನನಗೆ ಮಾತ್ರ ಅಷ್ಟು ನೀರು ನನ್ನ ಉಳಿಗಳ ಮೇಲೆ ಕೂರುವುದು ತಪ್ಪಿತು ಅನ್ನುವ ಸಮಾಧಾನ.

ಆ ಸಮಾಧಾನ ಸುಳ್ಳು ಅಂತ ಗೊತ್ತಾಗಿದ್ದು ತೇವ ಅಳೆಯುವ ಮೀಟರ್ ತಂದ ಮೇಲೆ. ಈ ಮೀಟರನ್ನು ಹಾಗೇ ನಂಬಬೇಡಿ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಿನ ಹದಕ್ಕೆ ನೀರು ಬೆರೆಸಿ, ಮೀಟರ್ ಜೊತೆ ಗಾಳಿಯಾಡದ ಚೀಲದಲ್ಲಿ ಒಂದು ದಿನ ಇಡಿ. 75 ತೋರಿಸಬೇಕು. ನನ್ನದು 73 ತೋರಿಸಿತು, ಪರವಾಗಿಲ್ಲ. ಆಮೇಲೆ ಮೂರೂ ಡಬ್ಬಿ ಇಟ್ಟು ಗ್ಯಾರೇಜಿನ ತೇವ ನೋಡಿದೆ, 82. ಡಬ್ಬಿಗಳನ್ನು ಎರಡು ದಿನ ಹೊರಗಿಟ್ಟು ನೋಡಿದೆ, ಆಗಲೂ 82.

ಶಟರ್ ಕೆಳಗೆ ಎರಡು ಬೆರಳು ತೂರುವಷ್ಟು ಸಂದು ಇತ್ತು. ವರ್ಷಪೂರ್ತಿ ನಾನು ಒಣಗಿಸಲು ಹೊರಟಿದ್ದು ಗ್ಯಾರೇಜನ್ನಲ್ಲ, ಹೊರಗಿನ ಆಕಾಶವನ್ನು. ತೊಟ್ಟಿ ಬೇಗ ಬೇಗ ತುಂಬುತ್ತಿದ್ದುದು ಡಬ್ಬಿಯ ಶಕ್ತಿಗಲ್ಲ, ಸಂದಿನಿಂದ ಬರುತ್ತಿದ್ದ ಹೊಸ ತೇವಕ್ಕೆ. ನೀರು ಹೆಚ್ಚು ಸೇರಿದಷ್ಟೂ ನಾನು ಖುಷಿಪಡುತ್ತಿದ್ದೆ, ಬೇಸರಪಡಬೇಕಿತ್ತು!

ಇಲ್ಲಿಗೆ ನಿಲ್ಲಿಸಿ ಸಂದು ಮುಚ್ಚಿದ್ದರೆ ಕತೆ ಮುಗಿಯುತ್ತಿತ್ತು. ನಾನು ಮಾಡಿದ್ದು ಬೇರೆ. ಗ್ಯಾರೇಜ್ ಪೂರ್ತಿ ಒಣಗಿಸಲು ಆಗದಿದ್ದರೆ ಉಪಕರಣದ ಹತ್ತಿರವೇ ಇಡೋಣ ಅಂತ, ಒಂದು ಡಬ್ಬಿಯನ್ನು ಟೂಲ್ ಕ್ಯಾಬಿನೆಟ್ಟಿನ ನೆತ್ತಿಯ ಮೇಲಿನ ಶೆಲ್ಫಿಗೆ ಏರಿಸಿದೆ.

ಏನೋ ತೆಗೆಯಲು ಕೈ ಹಾಕಿದಾಗ ಡಬ್ಬಿ ವಾಲಿರಬೇಕು. ಬಿದ್ದ ಸದ್ದು ಬರಲಿಲ್ಲ. ಅರ್ಧ ಲೋಟದಷ್ಟು ನೀರು ಶೆಲ್ಫಿನ ಹಿಂದಿನಿಂದ ಮೆಲ್ಲಗೆ ಇಳಿದು, ಸ್ವಲ್ಪ ತೆರೆದಿದ್ದ ಮೇಲಿನ ಡ್ರಾಯರಿಗೆ ಹೋಗಿದೆ. ಹೌದು, ಡ್ರಾಯರ್ ಪೂರ್ತಿ ಮುಚ್ಚದೇ ಬಿಡುವುದು ನನ್ನ ಹಳೇ ಚಾಳಿ. ನಾನು ನೋಡಿದ್ದು ಒಂಬತ್ತು ದಿನ ಬಿಟ್ಟು. ಸಾಮಾನ್ಯ ತುಕ್ಕು ಒಣ ಕಂದು ಪುಡಿಯ ಹಾಗೆ ಬರುತ್ತದೆ, ಅಲ್ವಾ? ಇದು ಹಾಗಿರಲಿಲ್ಲ. ಒದ್ದೆಯಾಗಿ, ಕಪ್ಪು ಕಿತ್ತಳೆ ಬೆರೆತು, ಮೇಲೆ ಹಳದಿ ಹನಿಗಳು ಕೂತಿದ್ದವು. ಉಳಿಗಳು, ಡ್ರಿಲ್ ಬಿಟ್ಟುಗಳು, ವರ್ನಿಯರ್ ಕ್ಯಾಲಿಪರ್, ಎಲ್ಲ ಅದರಲ್ಲೇ ಮಲಗಿದ್ದವು.

ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದೆ. ಎಣ್ಣೆ ಸವರಿದೆ. ಮರುದಿನ ನೋಡಿದರೆ ಎಣ್ಣೆಯ ಕೆಳಗೆ ಮತ್ತೆ ಒದ್ದೆ. ಮತ್ತೆ ಒರೆಸಿದೆ, ಮತ್ತೆ ಒದ್ದೆ. ಇದೇನು ಭೂತವೋ ಅನ್ನಿಸಿತು. ಆಮೇಲೆ ಬುದ್ಧಿ ಓಡಿತು. ಡಬ್ಬಿಯಲ್ಲಿ ಸೇರುವುದು ಬರೀ ನೀರಲ್ಲ, ಕ್ಯಾಲ್ಸಿಯಂ ಕ್ಲೋರೈಡಿನ ಗಾಢ ಉಪ್ಪುನೀರು. ಗಾಳಿಯ ತೇವ ಶೇ 30ರ ಆಸುಪಾಸಿಗಿಂತ ಜಾಸ್ತಿ ಇದ್ದರೆ ಸಾಕು, ಅದು ಗಾಳಿಯಿಂದಲೇ ನೀರು ಎಳೆದುಕೊಂಡು ಒದ್ದೆಯಾಗೇ ಇರುತ್ತದೆ. ಅಂದರೆ ನನ್ನ ಗ್ಯಾರೇಜಿನಲ್ಲಿ ಅದು ಎಂದೂ ಒಣಗುವುದಿಲ್ಲ. ಡಬ್ಬಿಯೊಳಗೆ ಯಾವ ಗುಣವನ್ನು ಮೆಚ್ಚಿಕೊಂಡು ದುಡ್ಡು ಕೊಟ್ಟಿದ್ದೆನೋ, ಅದೇ ಗುಣ ಈಗ ನನ್ನ ಉಳಿಗಳ ಮೇಲೆ ಕೂತು ಕೆಲಸ ಮಾಡುತ್ತಿತ್ತು. ಸಾಲದ್ದಕ್ಕೆ ಅದರ ಕ್ಲೋರೈಡ್ ಉಕ್ಕಿನಲ್ಲಿ ಸಣ್ಣ ಸಣ್ಣ ಗುಂಡಿ ಕೊರೆಯುತ್ತದೆ.

ಇದಕ್ಕೆ ಮದ್ದು ಒಂದೇ, ನೀರು. ತುಕ್ಕು ಹಿಡಿದ ಉಪಕರಣವನ್ನು ಬಕೆಟ್ಟಿನಲ್ಲಿ ಮುಳುಗಿಸಲು ಕೈ ನಡುಗಿತು. ಆದರೆ ಉಪ್ಪು ಹೋಗುವುದು ತೊಳೆದರೆ ಮಾತ್ರ. ಬಿಸಿನೀರು, ಸೋಪು, ಬ್ರಷ್, ಮೂರು ಸಲ ನೀರು ಬದಲಾಯಿಸಿದೆ. ತೊಳೆದ ಕೂಡಲೇ ಒರೆಸಿ ಹೇರ್ ಡ್ರೈಯರ್ ಹಿಡಿದೆ. ಬಿಸಿನೀರಾದರೆ ಲೋಹವೂ ಬಿಸಿಯಾಗಿ ತಾನೇ ಬೇಗ ಒಣಗುತ್ತದೆ.

ಆಮೇಲೆ ತುಕ್ಕು ತೆಗೆಯುವ ಕೆಲಸ. ಅಗ್ಗದ ಡ್ರಿಲ್ ಬಿಟ್ಟುಗಳನ್ನು ಒಂದು ರಾತ್ರಿ ವಿನೆಗರ್‌ನಲ್ಲಿ ಬಿಟ್ಟೆ. ಬೆಳಗ್ಗೆ ಕಪ್ಪು ಮಸಿ, ಉಜ್ಜಿದರೆ ಬಂತು. ಹುಳಿ ಉಳಿಯದ ಹಾಗೆ ಅಡುಗೆ ಸೋಡಾ ನೀರಿನಲ್ಲಿ ಅದ್ದಿ ತೆಗೆಯಬೇಕು, ಇಲ್ಲದಿದ್ದರೆ ಅರ್ಧ ಗಂಟೆಯಲ್ಲೇ ಹೊಸ ತುಕ್ಕಿನ ಪೊರೆ. ಗಡಸು ಉಕ್ಕಿನ ಸ್ಪ್ರಿಂಗ್ ಏನಾದರೂ ಇದ್ದರೆ ಅದನ್ನು ಹುಳಿಗೆ ಹಾಕಬೇಡಿ. ಹೈಡ್ರೋಜನ್ ಒಳಹೊಕ್ಕು, ಎಳೆದು ಹಿಡಿದಾಗ ಟಕ್ ಅಂತ ಮುರಿಯಬಹುದು. ಉಳಿ ಮತ್ತು ಕ್ಯಾಲಿಪರಿಗೆ ಆಮ್ಲ ಅಲ್ಲದ, ತುಕ್ಕನ್ನು ಮಾತ್ರ ಹಿಡಿದು ಕರಗಿಸುವ ದ್ರಾವಣ ತಂದೆ. ವಾಸನೆ ಇಲ್ಲ, ಕೈ ಸುಡುವುದಿಲ್ಲ, ಒಳ್ಳೆಯ ಲೋಹವನ್ನು ಮುಟ್ಟುವುದಿಲ್ಲ. ಪೂರ್ತಿ ಮುಳುಗಿಸಬೇಕು ಅಷ್ಟೇ. ಒಂದು ಉಳಿಯನ್ನು ಅರ್ಧ ಮುಳುಗಿಸಿಟ್ಟೆ, ದ್ರಾವಣದ ಮಟ್ಟ ಇದ್ದಲ್ಲಿ ಶಾಶ್ವತವಾಗಿ ಒಂದು ಗೆರೆ ಬಿತ್ತು. ಮೇಲ್ಮೈ ಮಂಕು ಬೂದು ಬಣ್ಣಕ್ಕೆ ತಿರುಗುತ್ತದೆ. ನನಗೆ ಆ ಬಣ್ಣ ಇಷ್ಟವೇ ಆಯಿತು.

ಇಷ್ಟಾದ ಮೇಲೆ ಡಬ್ಬಿಯನ್ನು ತಿರುಗಿಸಿ ಹಿಂದಿನ ಚೀಟಿ ಓದಿದೆ. ಲೋಹದಿಂದ ದೂರವಿಡಿ ಅಂತ ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದರು. ಮುಂದುಗಡೆ ದಪ್ಪಕ್ಷರದಲ್ಲಿ "ಗ್ಯಾರೇಜಿಗೂ ಸೂಕ್ತ" ಅಂತ ಇತ್ತು. ಗ್ಯಾರೇಜಿನಲ್ಲಿ ಲೋಹ ಬಿಟ್ಟು ಇನ್ನೇನು ಇಡುತ್ತಾರೆ ಸ್ವಾಮಿ? ಎರಡು ನಕ್ಷತ್ರ ಕಿತ್ತಿದ್ದು ಇದೊಂದಕ್ಕೇ.

ಶೆಲ್ಫ್ ಸ್ವಚ್ಛ ಮಾಡುವಾಗ ಇನ್ನೊಂದು ಕಳ್ಳನೂ ಸಿಕ್ಕ. ಮೂಲೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುವ ಟಾಯ್ಲೆಟ್ ಕ್ಲೀನರ್ ಬಾಟಲಿ. ಮುಚ್ಚಳ ಬಿಗಿಯಾಗೇ ಇತ್ತು, ಆದರೂ ಪಕ್ಕದ ಮೊಳೆ ಡಬ್ಬ ಮಾತ್ರ ಕೆಂಪಾಗಿತ್ತು. ಅದರ ಆವಿ ಮುಚ್ಚಳದ ಸಂದಿನಿಂದಲೂ ಹೊರಗೆ ಬರುತ್ತದೆ. ಅವತ್ತೇ ಅದನ್ನು ಗ್ಯಾರೇಜಿನಿಂದ ಹೊರಗೆ ಹಾಕಿದೆ.

ಈಗ ಉಪಕರಣಗಳ ವ್ಯವಸ್ಥೆಯೇ ಬೇರೆ. ಶಟರ್ ಕೆಳಗೆ ರಬ್ಬರ್ ಪಟ್ಟಿ ಬಂದಿದೆ. ಮುಚ್ಚಿದ ಡ್ರಾಯರಿನಲ್ಲಿ ಸಿಲಿಕಾ ಜೆಲ್ ಚೀಲ ಇದೆ. ಅದರ ಕಿತ್ತಳೆ ಬಣ್ಣದ ಮಣಿ ತೇವ ಹೀರಿ ಹಸಿರಾದರೆ ಓವನ್ನಿನಲ್ಲಿ 120 ಡಿಗ್ರಿ ಮೀರದ ಹಾಗೆ ಒಂದೆರಡು ಗಂಟೆ ಕಾಯಿಸುತ್ತೇನೆ, ಮತ್ತೆ ಕಿತ್ತಳೆ. ಅದು ಚೆಲ್ಲಿದರೂ ಹಾನಿಯಿಲ್ಲ, ಮಣಿ ಆರಿಸಿಕೊಂಡರಾಯಿತು. ಕೆಲಸ ಮುಗಿಸಿದ ದಿನ ಮೇಣ ಹಚ್ಚಿದ ಬಟ್ಟೆಯಿಂದ ಪ್ರತಿ ಉಳಿಯನ್ನೂ ಒಮ್ಮೆ ಒರೆಸಿಡುತ್ತೇನೆ. ಬೆರಳ ಬೆವರಲ್ಲೂ ಉಪ್ಪಿದೆಯಲ್ಲ. ಐದೇ ನಿಮಿಷದ ಕೆಲಸ. ಮಾರ್ಕರ್ ಗೆರೆ ಎಳೆಯುತ್ತಿದ್ದಾಗಿನ ಸುಖ ಇದರಲ್ಲೂ ಇದೆ. ತಣ್ಣನೆ ಉಕ್ಕು ಬಟ್ಟೆಯಡಿ ನುಣ್ಣಗೆ ಜಾರುತ್ತದೆ, ಒಂದು ಸಣ್ಣ ಹೊಳಪು ಬರುತ್ತದೆ.

ಹಾಗಾದರೆ ಡಬ್ಬಿಗಳನ್ನು ಬಿಸಾಡಿದೆನಾ? ಇಲ್ಲ. ಇಲ್ಲಿ ಸ್ವಲ್ಪ ಮೆತ್ತಗಾಗುತ್ತೇನೆ. ಗ್ಯಾರೇಜಿನ ಮೂಲೆಯಲ್ಲಿ ಬಾಗಿಲು ಸರಿಯಾಗಿ ಕೂರುವ ಒಂದು ಮರದ ಕಪಾಟು ಇದೆ. ಸ್ಯಾಂಡ್‌ಪೇಪರ್, ರಟ್ಟಿನ ಪೆಟ್ಟಿಗೆ, ಹಳೇ ಕ್ಯಾನ್ವಾಸ್ ಚೀಲ ಎಲ್ಲ ಅದರಲ್ಲೇ. ಬಾಗಿಲಿನ ಅಂಚಿಗೆ ಫೋಮ್ ಪಟ್ಟಿ ಅಂಟಿಸಿ ಒಂದು ಡಬ್ಬಿ ಇಟ್ಟೆ. ಕಪಾಟಿನ ನೆಲದ ಮೇಲೆ, ಅದೂ ಒಂದು ಅಗಲ ಬೇಸಿನ್ನಿನೊಳಗೆ. ನಾಲ್ಕು ದಿನಕ್ಕೆ ಮೀಟರ್ 79ರಿಂದ 54ಕ್ಕೆ ಇಳಿಯಿತು. ಮುಗ್ಗಲು ವಾಸನೆ ಹೋಯಿತು. ಸ್ಯಾಂಡ್‌ಪೇಪರ್ ಈಗ ಮೆತ್ತಗಾಗುವುದಿಲ್ಲ. ಮತ್ತೆ ಒಂದು ವಿಶೇಷ: ತೊಟ್ಟಿಯಲ್ಲಿ ನೀರು ಮೊದಲಿನ ಕಾಲು ಭಾಗವೂ ಸೇರುವುದಿಲ್ಲ. ರೀಫಿಲ್ ಖರ್ಚೂ ಅಷ್ಟೇ ಇಳಿದಿದೆ.

ತುಂಬಿದ ತೊಟ್ಟಿಯನ್ನು ಚರಂಡಿಗೆ ಸುರಿದು ಮೇಲೆ ಧಾರಾಳ ನೀರು ಬಿಡಿ. ಗಿಡದ ಬುಡಕ್ಕೆ ಹಾಕಬೇಡಿ, ಉಪ್ಪಿಗೆ ಸತ್ತುಹೋಗುತ್ತದೆ.

ಐದಕ್ಕೆ ಮೂರು. ಮುಚ್ಚಿದ ಕಪಾಟು, ಬಟ್ಟೆ, ಕಾಗದ, ಚೀಲ ಇವಕ್ಕೆ ಕೊಳ್ಳಿ. ಕಬ್ಬಿಣದ ಮೇಲೆ, ಕಬ್ಬಿಣಕ್ಕಿಂತ ಎತ್ತರದಲ್ಲಿ ಇಡುವುದಕ್ಕಾದರೆ ಬೇಡ. ನನ್ನ ಉಳಿಗಳು ಚೇತರಿಸಿಕೊಂಡವು. ಕ್ಯಾಲಿಪರ್ ಕೂಡ ಸರಾಗವಾಗಿ ಜಾರುತ್ತದೆ, ಅಳತೆಯೂ ಸರಿ ಇದೆ. 37ರಿಂದ 41 ಮಿಲಿಮೀಟರ್ ವರೆಗಿನ ಗೆರೆಗಳು ಮಾತ್ರ ಅಳಿಸಿಹೋಗಿವೆ. ಆ ಜಾಗಕ್ಕೆ ಬಂದಾಗ ಬೆರಳು ಮಡಚಿ ಎಣಿಸುತ್ತೇನೆ.