ಮಂಡಿ ಶಸ್ತ್ರಚಿಕಿತ್ಸೆಯ ನಂತರ: ಐಸ್ ಚೀಲ, ಜೆಲ್ ಪ್ಯಾಕ್ ಅಥವಾ ತಣ್ಣೀರಿನ ಯಂತ್ರ?
ಕಡಿಮೆ ಖರ್ಚಿನ ವಿಷಯದಲ್ಲಿ ಐಸ್ ಚೀಲಕ್ಕೆ ಸಾಟಿಯಿಲ್ಲ. ಅದು ಮಂಡಿಯ ಆಕಾರಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನೀರು ಸೋರಿ ಗಾಯದ ಪಟ್ಟಿ ಒದ್ದೆಯಾಗಬಹುದು. ಜೆಲ್ ಪ್ಯಾಕ್ ಸಾಮಾನ್ಯವಾಗಿ ಸೋರುವುದಿಲ್ಲ, ಮತ್ತೆ ಮತ್ತೆ ಬಳಸಲೂ ಬರುತ್ತದೆ. ಆದರೆ ಫ್ರೀಜರ್‌ನಿಂದ ತೆಗೆದ ಕೂಡಲೇ ಅದು ಕರಗುತ್ತಿರುವ ಮಂಜುಗಡ್ಡೆಗಿಂತಲೂ ತಣ್ಣಗಿರುವುದರಿಂದ ಬಟ್ಟೆ ಸುತ್ತದೆ ಚರ್ಮಕ್ಕೆ ತಾಗಿಸಬಾರದು. ಇವೆರಡನ್ನೂ ಒಮ್ಮೆಗೆ 15–20 ನಿಮಿಷ ಇಟ್ಟರೆ ಸಾಕು.

ಮಂಡಿಗೆ ಸುತ್ತಿದ ಪ್ಯಾಡ್‌ನೊಳಗೆ ತಣ್ಣೀರು ಹರಿಸುವ ಯಂತ್ರ ದುಬಾರಿ. ಅದು ಹೆಚ್ಚು ಹೊತ್ತು ಒಂದೇ ಸಮನಾದ ತಂಪು ಕೊಡುವುದರಿಂದ, ಪದೇ ಪದೇ ಎದ್ದು ಓಡಾಡಲಾಗದ ಮೊದಲ ದಿನಗಳಲ್ಲಿ, ಅದರಲ್ಲೂ ಬಾಡಿಗೆಗೆ ಸಿಕ್ಕರೆ, ಅನುಕೂಲವೇ. ಆದರೂ ನೋವು ಅಥವಾ ಊತದ ಮಟ್ಟಿಗೆ ಅದು ಸಾಮಾನ್ಯ ಐಸ್‌ಗಿಂತ ಬಹಳ ಮೇಲೆಂದು ನಾನು ಹೇಳಲಾರೆ. ನೋಡಿಕೊಳ್ಳುವವರು ಜೊತೆಗಿದ್ದರೆ ಎರಡು ಜೆಲ್ ಪ್ಯಾಕ್‌ಗಳನ್ನು ಸರದಿಯಲ್ಲಿ ಬಳಸುವುದೇ ಸುಲಭ. ಮಧುಮೇಹದಿಂದ ಕಾಲಿನ ಸ್ಪರ್ಶಜ್ಞಾನ ಕುಗ್ಗಿರುವವರು ಯಾವುದನ್ನೇ ಆರಿಸುವ ಮೊದಲು ವೈದ್ಯರನ್ನು ಕೇಳಬೇಕು.