ವೈಫೈ ಇಲ್ಲದ ಮನೆಗೆ ಹಾಡಿನ ಪೆಟ್ಟಿಗೆ: ನಾಲ್ಕು ಬಗೆಯಲ್ಲಿ ಮಾಡಿ ನೋಡಿದ್ದು

ನಮ್ಮ ಊರಿನ ಮನೆ ತೀರ್ಥಹಳ್ಳಿ ಕಡೆ, ರಸ್ತೆ ಬಿಟ್ಟು ಒಳಗೆ, ತೋಟದ ಕೊನೆಗೆ. ಫೈಬರ್ ಕೇಬಲ್ ಮುಖ್ಯರಸ್ತೆವರೆಗೆ ಬಂದು ನಿಂತಿದೆ. ಅಲ್ಲಿಂದ ಮನೆಗೆ ಎಳೆಸಿದರೆ ಮೊದಲ ಗಾಳಿಮಳೆಗೇ ಯಾವುದಾದರೂ ಅಡಿಕೆ ಮರ ಅದರ ಮೇಲೆ ಬೀಳುತ್ತದೆ ಅನ್ನುವುದು ಅಪ್ಪನ ವಾದ. ಅವರ ಮಾತಲ್ಲಿ ಹುರುಳಿದೆ. ಹಾಗಾಗಿ ಮನೆಯಲ್ಲಿ ವೈಫೈ ಇಲ್ಲ. ಮೊಬೈಲ್ ಸಿಗ್ನಲ್ ಸಿಗುವುದು ಅಟ್ಟದ ಮೇಲಿನ ಒಂದು ಕಿಟಕಿಯ ಹತ್ತಿರ ಮಾತ್ರ.

ಮೊದಲು ರೇಡಿಯೊ ಇತ್ತು. ಭದ್ರಾವತಿ ಆಕಾಶವಾಣಿ 675 ಕಿಲೋಹರ್ಟ್ಸ್‌ನಲ್ಲಿ ಚೆನ್ನಾಗಿಯೇ ಕೇಳುತ್ತಿತ್ತು. ಮನೆತುಂಬ ಎಲ್‌ಇಡಿ ಬಲ್ಬು, ಇನ್ವರ್ಟರ್ ಬಂದ ಮೇಲೆ ಮೀಡಿಯಂ ವೇವ್‌ನಲ್ಲಿ ಬರೀ ಗುಂಯ್ ಅನ್ನುವ ಸದ್ದು. ಅಮ್ಮನಿಗೆ ಬೆಳಿಗ್ಗೆ ದಾಸರ ಪದ ಬೇಕು. ಅಪ್ಪನಿಗೆ ಮಧ್ಯಾಹ್ನ ತಾಳಮದ್ದಳೆ. ನನಗೆ ಬೆಸುಗೆ ಹಾಕುವ ಚಟ. ಹೀಗೆ ಶುರುವಾಯಿತು.

ಕಡಿಮೆ ಖರ್ಚಿನದು ಅಂತ ಮೊದಲು ಕೈಹಾಕಿದ್ದು ಹಳೆ ಫೋನಿಗೆ. ಪರದೆ ಸ್ವಲ್ಪ ಒಡೆದ ಆಂಡ್ರಾಯ್ಡ್ ಫೋನ್, ಪುಣ್ಯಕ್ಕೆ 3.5 ಮಿಲಿಮೀಟರ್ ಜಾಕ್ ಇರುವಂಥದ್ದು. ಅದರಿಂದ ಒಂದು ಆಕ್ಸ್ ಕೇಬಲ್ ಎಳೆದು ಹಳೆಯ 2.1 ಸ್ಪೀಕರಿಗೆ ಕೊಟ್ಟೆ. ಸಿಮ್ ಹಾಕಿದರೆ ಮುಗೀತು, ಬೇರೆ ವೈಫೈ ಯಾಕೆ ಬೇಕು ಅಲ್ವಾ?

ಆದರೆ ಸ್ಪೀಕರ್ ಇರುವುದು ಜಗಲಿಯಲ್ಲಿ, ಸಿಗ್ನಲ್ ಇರುವುದು ಅಟ್ಟದಲ್ಲಿ. ಜಗಲಿಯಲ್ಲಿ ಫೋನ್ ಇಟ್ಟರೆ ಹಾಡು ನಡುವೆ ನಿಂತು ನಿಂತು ಬರುತ್ತದೆ. ನಾನು ಊರಿಗೆ ಬರುವಾಗಲೇ ಹಾಡು ಡೌನ್‌ಲೋಡ್ ಮಾಡಿ ತರುತ್ತಿದ್ದೆ. ಸ್ಪಾಟಿಫೈ ಥರದ ಆ್ಯಪ್‌ನಲ್ಲಿ ಅದಕ್ಕೆ ದುಡ್ಡು ಕೊಟ್ಟ ಖಾತೆ ಬೇಕು. ಅಷ್ಟು ಸಾಲದು ಅಂತ, 30 ದಿನಕ್ಕೊಮ್ಮೆಯಾದರೂ ಫೋನು ನೆಟ್‌ಗೆ ಬರಬೇಕು. ಇನ್ನೊಂದು ಕಷ್ಟ ಆಮೇಲೆ ಗೊತ್ತಾಯಿತು. ಹಗಲೂ ರಾತ್ರಿ ಚಾರ್ಜರಿಗೆ ಸಿಕ್ಕಿಸಿಟ್ಟು ನಾಲ್ಕು ತಿಂಗಳಿಗೆ ಫೋನಿನ ಬೆನ್ನು ಉಬ್ಬಿತು. ಬ್ಯಾಟರಿ ಊದಿಕೊಂಡಿತ್ತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ, ಊದಿದ ಲಿಥಿಯಂ ಬ್ಯಾಟರಿ ಬೆಂಕಿಗೆ ದಾರಿ. ಬ್ಯಾಟರಿ ಬದಲಿಸಿ, ಚಾರ್ಜರನ್ನು ಟೈಮರ್ ಸಾಕೆಟ್‌ಗೆ ಹಾಕಿದೆ. ದಿನಕ್ಕೆ ಎರಡು ಗಂಟೆ ಮಾತ್ರ ಚಾರ್ಜ್.

ಅಪ್ಪ ಅಮ್ಮನಿಗೂ ಅದು ಹಿಡಿಸಲಿಲ್ಲ. ಹಾಡು ಹಾಕಲು ಹೋದರೆ ಅಪ್‌ಡೇಟ್ ಕೇಳುತ್ತದೆ, ಜಾಹೀರಾತು ಬರುತ್ತದೆ, ಪರದೆ ಲಾಕ್ ಆಗುತ್ತದೆ. ಒಂದು ಹಾಡಿಗೆ ಆರು ಸಲ ಬೆರಳಾಡಿಸಬೇಕು.

ಎರಡನೆಯದು ಇಎಸ್‌ಪಿ32, ನೆಟ್‌ನಿಂದ ರೇಡಿಯೊ ತೆಗೆದು ಹಾಡಿಸಬಲ್ಲ, ವೈಫೈ ಇರುವ ಪುಟ್ಟ ಚಿಪ್ಪಿನ ಬೋರ್ಡು. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಸುತ್ತಿದಾಗ ಬೋರ್ಡು 400 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ಜೊತೆಗೆ ಮ್ಯಾಕ್ಸ್98357 ಅನ್ನುವ ಪುಟ್ಟ ಆಂಪ್ಲಿಫೈಯರ್, 4 ಓಮ್ ಸ್ಪೀಕರಿಗೆ 3 ವ್ಯಾಟ್ ಕೊಡುತ್ತದೆ. ಐದಾರು ವೈರು, ಒಂದು ಗುಂಡಿ, ಹಳೆ ರೇಡಿಯೊದ ಮರದ ಪೆಟ್ಟಿಗೆ. ನಾಲ್ಕರಲ್ಲಿ ನೋಡಲು ಚಂದ ಇದೇ. ಕರೆಂಟು ಕೊಟ್ಟ ಕೆಲವೇ ಸೆಕೆಂಡಿಗೆ ಹಾಡು ಶುರು. ಕರೆಂಟು ಹೋಗಿ ಬಂದರೆ ತಾನೇ ಮತ್ತೆ ಹಾಡುತ್ತದೆ, ಏನೂ ಕೆಡುವುದಿಲ್ಲ. ಪವರ್ ಬ್ಯಾಂಕಿಗೆ ಹಾಕಿದರೆ ಮಳೆಗಾಲದ ಒಂದು ಇಡೀ ದಿನ ಎಳೆಯುತ್ತದೆ.

ಆದರೆ ಅದು ನೆಟ್ ಇದ್ದರೆ ಮಾತ್ರ ರೇಡಿಯೊ. ಇಲ್ಲದಿದ್ದರೆ ಮರದ ಪೆಟ್ಟಿಗೆ ಅಷ್ಟೆ. ನೆಟ್ ಎಲ್ಲಿಂದ? ಊದಿದ ಬ್ಯಾಟರಿ ಬದಲಿಸಿದ ಫೋನನ್ನೇ ಅಟ್ಟದ ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಮಾಡಿದೆ. ಇಲ್ಲಿ ಒಂದು ಸಂಜೆ ಪೂರ್ತಿ ಹಾಳಾಯಿತು. ಇಎಸ್‌ಪಿ32ಕ್ಕೆ ಹಾಟ್‌ಸ್ಪಾಟ್ ಕಾಣಿಸುತ್ತಲೇ ಇಲ್ಲ. ಪಾಸ್‌ವರ್ಡ್ ಹತ್ತು ಸಲ ತಿದ್ದಿದೆ. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಬೇರೆ ಬೇರೆ ತರಂಗ ಇವೆ. ಕೊನೆಗೆ ನೋಡಿದರೆ ಫೋನು 5 ಗಿಗಾಹರ್ಟ್ಸ್‌ನಲ್ಲಿ ಹಾಟ್‌ಸ್ಪಾಟ್ ಕೊಡುತ್ತಿತ್ತು. ಇಎಸ್‌ಪಿ32ಕ್ಕೆ 2.4 ಬಿಟ್ಟರೆ ಬೇರೆ ಗೊತ್ತಿಲ್ಲ. ಸೆಟ್ಟಿಂಗ್‌ನಲ್ಲಿ 2.4ಕ್ಕೆ ಬದಲಿಸಿದೆ. ಅದೂ ಒಳ್ಳೆಯದೇ ಆಯಿತು, ನಮ್ಮ ಮನೆಯ ಜಂಬಿಟ್ಟಿಗೆ ಗೋಡೆ ದಾಟಲು 2.4ಕ್ಕೇ ಶಕ್ತಿ ಜಾಸ್ತಿ. ಮಾರನೇ ದಿನ ಮತ್ತೆ ನೆಟ್ ಇಲ್ಲ. ಯಾರೂ ಬಳಸದಿದ್ದರೆ ಸ್ವಲ್ಪ ಹೊತ್ತಿಗೆ ಹಾಟ್‌ಸ್ಪಾಟ್ ತಾನಾಗಿ ಆರುವ ಸೆಟ್ಟಿಂಗ್ ಒಂದು ಆಂಡ್ರಾಯ್ಡ್‌ನಲ್ಲಿ ಇರುತ್ತದೆ. ಅದನ್ನೂ ತೆಗೆಯಬೇಕು. ನೀವು ಯಾವ ಪೆಟ್ಟಿಗೆ ಮಾಡಿದರೂ ಈ ಎರಡು ಸೆಟ್ಟಿಂಗ್ ಮೊದಲು ನೋಡಿ.

ಡೇಟಾ ಬಗ್ಗೆ ಎಲ್ಲರೂ ಹೆದರುತ್ತಾರೆ, ಲೆಕ್ಕ ಹಾಕಿದರೆ ಹೆದರಬೇಕಿಲ್ಲ. 128 ಕೆಬಿಪಿಎಸ್ ಸ್ಟ್ರೀಮ್ (ನೆಟ್‌ನಿಂದ ಹರಿದು ಬರುವ ಹಾಡು) ಅಂದರೆ ಸೆಕೆಂಡಿಗೆ 16 ಕಿಲೋಬೈಟ್, ಗಂಟೆಗೆ 58 ಎಂಬಿ. ದಿನಕ್ಕೆ ನಾಲ್ಕು ಗಂಟೆ ಕೇಳಿದರೂ 230 ಎಂಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್‌ನಲ್ಲಿ ಇದು ಲೆಕ್ಕಕ್ಕೇ ಇಲ್ಲ. 320 ಕೆಬಿಪಿಎಸ್ ಆದರೆ ಗಂಟೆಗೆ 144 ಎಂಬಿ. ಹೆಂಚಿನ ಮೇಲೆ ಮಳೆ ಹೊಯ್ಯುವಾಗ 128ಕ್ಕೂ 320ಕ್ಕೂ ವ್ಯತ್ಯಾಸ ಗೊತ್ತಾಗುವ ಕಿವಿ ನಮ್ಮ ಮನೆಯಲ್ಲಂತೂ ಇಲ್ಲ.

ಕಾಡಿದ್ದು ಡೇಟಾ ಅಲ್ಲ, ನಡುನಡುವೆ ಹೋಗುವ ಸಿಗ್ನಲ್. ಬಫರ್, ಅಂದರೆ ಹಾಡನ್ನು ಮುಂಚೆಯೇ ತುಂಬಿಟ್ಟುಕೊಳ್ಳುವ ಜಾಗ, ಜಾಸ್ತಿ ಮಾಡಿದರೆ ಸರಿಹೋಗುತ್ತದೆ ಅಂದುಕೊಂಡು ಹೆಚ್ಚಿನ ಮೆಮೊರಿ ಇರುವ ಬೋರ್ಡು ತಂದೆ. ಅರ್ಧ ಮಾತ್ರ ಸರಿಹೋಯಿತು. ನೇರ ಪ್ರಸಾರ ಮುಂದಿನದನ್ನು ಮೊದಲೇ ಕೊಡುವುದಿಲ್ಲವಲ್ಲ. ಇನ್ನೂ ಹಾಡದ ಹಾಡನ್ನು ಎಲ್ಲಿಂದ ತುಂಬಿಸಿಕೊಳ್ಳುವುದು? ಸಾದಾ ಎಂಪಿ3 ಸ್ಟ್ರೀಮ್‌ಗಳು ಇದರಲ್ಲಿ ಚೆನ್ನಾಗಿ ಬಂದವು. ಚೂರು ಚೂರಾಗಿ ಬರುವ ಎಚ್‌ಎಲ್‌ಎಸ್ ಸ್ಟ್ರೀಮ್‌ಗಳು ನನ್ನ ಬೋರ್ಡಿನಲ್ಲಿ ತಡವರಿಸಿದವು. ಆಕಾಶವಾಣಿಯ ಕೇಂದ್ರಗಳು ಬರುವುದು ಹಾಗೆಯೇ. ಅಮ್ಮನಿಗೆ ಬೇಕಾದದ್ದೂ ಅದೇ.

ಇನ್ನೊಂದು ಮಾತು. ಇಎಸ್‌ಪಿ32 ಎಸ್3 ಹೊಸದು, ಒಳ್ಳೆಯದು ಅಂತ ಅಂಗಡಿಯಲ್ಲಿ ಕೊಡುತ್ತಾರೆ. ಫೋನಿನಿಂದ ಬ್ಲೂಟೂತ್‌ನಲ್ಲಿ ಹಾಡು ಕಳಿಸುವ ಆಸೆಯಿದ್ದರೆ ಅದು ಬೇಡ. ಅದಕ್ಕೆ ಬೇಕಾದ ಹಳೆ ಬಗೆಯ ಬ್ಲೂಟೂತ್ ಎಸ್3ಯಲ್ಲಿ ಇಲ್ಲ, ಮೊದಲ ಇಎಸ್‌ಪಿ32ರಲ್ಲಿ ಇದೆ.

ಮೂರನೆಯದು ರಾಸ್ಪ್‌ಬೆರಿ ಪೈ ಝೀರೊ 2 ಡಬ್ಲ್ಯೂ ಅನ್ನುವ ಪುಟಾಣಿ ಕಂಪ್ಯೂಟರ್. ಜಾಸ್ತಿ ಹೊತ್ತು ಕೂತದ್ದು ಇದರ ಜೊತೆಗೇ. 2021ರಲ್ಲಿ ಬಂದ ಬೋರ್ಡು, ನಾಲ್ಕು ಕೋರ್, 512 ಎಂಬಿ ಮೆಮೊರಿ. ಇದಕ್ಕೂ 2.4 ವೈಫೈ ಮಾತ್ರ. ಇಯರ್‌ಫೋನ್ ಜಾಕ್ ಇಲ್ಲ, ಹಾಗಾಗಿ ಪಿಸಿಎಂ5102 ಡ್ಯಾಕ್ ಬೋರ್ಡು ಬೇಕು, ಡಿಜಿಟಲ್ ಹಾಡನ್ನು ಸ್ಪೀಕರಿಗೆ ಕೊಡುವ ಸದ್ದಾಗಿ ಬದಲಿಸುವಂಥದ್ದು. ಪೈಯ 12, 35, 40ನೇ ಪಿನ್ನಿಂದ ಮೂರು ವೈರು, ಮೇಲೆ ಕರೆಂಟು ಮತ್ತು ಗ್ರೌಂಡ್. ಡ್ಯಾಕ್‌ನ ಎಸ್‌ಸಿಕೆ ಅನ್ನುವ ಪಿನ್ನನ್ನು ಗ್ರೌಂಡಿಗೆ ಸೇರಿಸಿ. ಬೋರ್ಡಿನ ಹಿಂದಿನ ಪುಟ್ಟ ಬೆಸುಗೆ ಸೇತುವೆಗಳನ್ನೂ ನೋಡಿ. ನನ್ನದರಲ್ಲಿ ಮೂರನೆಯದನ್ನು ಯಾರೂ ಬೆಸೆದಿರಲಿಲ್ಲ, ಹಾಗಾಗಿ ಡ್ಯಾಕ್ ಮೌನವ್ರತದಲ್ಲಿತ್ತು. ಎರಡು ದಿನ ಸಾಫ್ಟ್‌ವೇರನ್ನು ಸುಮ್ನೆ ಬೈದೆ.

ಪೈಯನ್ನು ಹಾಡಿನ ಪೆಟ್ಟಿಗೆ ಮಾಡುವ ಸಾಫ್ಟ್‌ವೇರ್ ಮೂಡ್ ಆಡಿಯೊ. ಬಿಟ್ಟಿ ಸಿಗುತ್ತದೆ. ಇದರ ಒಂದು ಗುಣ ನನ್ನ ಯೋಚನೆಯನ್ನೇ ತಿರುಗಿಸಿತು. ಗೊತ್ತಿರುವ ವೈಫೈ ಸಿಗದಿದ್ದರೆ ಪೈ ತಾನೇ ಹಾಟ್‌ಸ್ಪಾಟ್ ಆಗುತ್ತದೆ. ಅಪ್ಪನ ಫೋನನ್ನು ಅದಕ್ಕೆ ಸೇರಿಸಿ ಬ್ರೌಸರ್ ತೆರೆದರೆ ಹಾಡಿನ ಪಟ್ಟಿ ಬರುತ್ತದೆ, ಮುಟ್ಟಿದರೆ ಜಗಲಿಯ ಸ್ಪೀಕರ್‌ನಲ್ಲಿ ಹಾಡು. ನೆಟ್ ಒಂದು ಹನಿಯೂ ಬೇಕಿಲ್ಲ. ವೈಫೈ ಇಲ್ಲದ ಮನೆಯಲ್ಲಿ ಪೆಟ್ಟಿಗೆಯೇ ವೈಫೈ ಆಗಿ ಕೂತಿತು. ಅಲ್ಲಿವರೆಗೆ ನಾನು ನೆಟ್ ಎಲ್ಲಿಂದ ತರಲಿ ಅಂತಲೇ ಒದ್ದಾಡುತ್ತಿದ್ದೆ. ಅಪ್ಪ ಕೇಳುವ ತಾಳಮದ್ದಳೆ ಇದ್ದದ್ದು ಅವರದೇ ಕ್ಯಾಸೆಟ್ ಪೆಟ್ಟಿಗೆಯಲ್ಲಿ. ಅವನ್ನೆಲ್ಲ ಎಂಪಿ3 ಮಾಡಿ 32 ಜಿಬಿ ಪೆನ್‌ಡ್ರೈವ್‌ಗೆ ಹಾಕಿದೆ. 128 ಕೆಬಿಪಿಎಸ್‌ನಲ್ಲಿ ಸುಮಾರು 550 ಗಂಟೆ ಹಿಡಿಯುತ್ತದೆ. ಅಟ್ಟದ ಫೋನ್ ಆನ್ ಮಾಡಿ ಪೈಯನ್ನು ಮತ್ತೆ ಶುರು ಮಾಡಿದರೆ ಆಕಾಶವಾಣಿಯೂ ಬರುತ್ತದೆ, ತಡವರಿಸದೆ.

ತೊಂದರೆ ಇಲ್ಲವೇ? ಇದೆ. ಒಂದನೆಯದು ಕರೆಂಟು. ಆಷಾಢದಲ್ಲಿ ದಿನಕ್ಕೆ ಹತ್ತು ಸಲ ಹೋಗುತ್ತದೆ. ಶಟ್‌ಡೌನ್ ಮಾಡದೆ ಆರಿಸಿದರೆ ಮೆಮೊರಿ ಕಾರ್ಡ್ ಕೆಡುವ ಭಯ, ನನ್ನದೊಂದು ಕೆಟ್ಟೇ ಹೋಯಿತು. ಪೈಕೋರ್‌ಪ್ಲೇಯರ್ ಅನ್ನುವ ಇನ್ನೊಂದು ಸಾಫ್ಟ್‌ವೇರ್ ಪೂರ್ತಿ ಮೆಮೊರಿಯಲ್ಲೇ ಓಡುತ್ತದೆ, ಅದಕ್ಕೆ ಈ ಭಯ ಇಲ್ಲ. ಒಂದು ವಾರ ಹಾಕಿ ನೋಡಿದೆ. ಅದರ ಪರದೆ ಅಪ್ಪನಿಗೆ ಒಗ್ಗಲಿಲ್ಲ. ಮೂಡ್‌ಗೇ ವಾಪಸ್ ಬಂದು, ಕಾರ್ಡಿನ ಒಂದು ನಕಲು ಮಾಡಿ ದೇವರ ಕೋಣೆಯ ಡಬ್ಬಿಯಲ್ಲಿ ಇಟ್ಟಿದ್ದೇನೆ. ಎರಡನೆಯದು ಗಡಿಯಾರ. ಪೈಗೆ ತನ್ನದೇ ಗಡಿಯಾರ ಇಲ್ಲ, ಸಮಯವನ್ನು ನೆಟ್‌ನಿಂದ ಕೇಳಿ ತಿಳಿಯುತ್ತದೆ. ನೆಟ್ ಇಲ್ಲದ ಮನೆಯಲ್ಲಿ ಕರೆಂಟು ಹೋಗಿ ಬಂದರೆ ಅದರ ಪಾಲಿಗೆ ಇನ್ನೂ ನಿನ್ನೆ. ಬೆಳಿಗ್ಗೆ ಐದೂವರೆಗೆ ಇಟ್ಟ ದೇವರ ಹಾಡು ಒಮ್ಮೆ ರಾತ್ರಿ ಒಂದೂವರೆಗೆ ಶುರುವಾಗಿ ಮನೆಯವರೆಲ್ಲ ಎದ್ದು ಕೂತಿದ್ದರು. ಡಿಎಸ್3231 ಅನ್ನುವ ಗಡಿಯಾರದ ಬೋರ್ಡು, ಅದಕ್ಕೊಂದು ಗುಂಡಿ ಸೆಲ್ಲು ಹಾಕಿದ ಮೇಲೆ ಸರಿಯಾಯಿತು.

ಪೈಗೇ 4ಜಿ ಡಾಂಗಲ್ ಸಿಕ್ಕಿಸುವ ಯೋಚನೆಯೂ ಇತ್ತು. ಸಿಕ್ಕಿಸಿದೆ, ನಡೆಯಿತು, ತೆಗೆದೆ. ಡಾಂಗಲ್ ಇದ್ದದ್ದೂ ಜಗಲಿಯಲ್ಲೇ, ಸಿಗ್ನಲ್ ಅಟ್ಟದಲ್ಲೇ.

ಈಗ ನಾಲ್ಕನೆಯದು. ಹೇಳಲು ನಾಚಿಕೆ. ಎಸ್‌ಪಿ ರಸ್ತೆಯಲ್ಲೇ 200 ರೂಪಾಯಿಗೆ ಸಿಗುವ ಯುಎಸ್‌ಬಿ, ಎಫ್ಎಂ, ಬ್ಲೂಟೂತ್ ಬೋರ್ಡು. ಆಟೋದಲ್ಲಿ, ಮದುವೆ ಮನೆಯ ಆಂಪ್ಲಿಫೈಯರ್‌ನಲ್ಲಿ ಇರುತ್ತದಲ್ಲ, ಕೆಂಪು ಅಂಕಿ ಹೊಳೆಯುವಂಥದ್ದು. ಇದು ಸ್ಟ್ರೀಮಿಂಗ್ ಅಲ್ಲವೇ ಅಲ್ಲ. ಅಡುಗೆಮನೆಗೆ ಇರಲಿ ಅಂತ ಅರ್ಧ ಗಂಟೆಯಲ್ಲಿ ಜೋಡಿಸಿದ್ದು.

ಇದರ ಚಾಳಿ ಎರಡು. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಬಗೆಯಲ್ಲಿ ಫಾರ್ಮ್ಯಾಟ್ ಆಗಿರಬೇಕು. 64 ಜಿಬಿಯದನ್ನು ಅಂಗಡಿಯಿಂದ ತಂದ ಹಾಗೆಯೇ ಹಾಕಿದರೆ ಓದುವುದಿಲ್ಲ. ಮತ್ತೆ, ಹಾಡುಗಳು ಹೆಸರಿನ ಕ್ರಮದಲ್ಲಿ ಬರುವುದಿಲ್ಲ, ಯಾವುದನ್ನು ಮೊದಲು ಕಾಪಿ ಮಾಡಿದಿರೋ ಅದು ಮೊದಲು. ಲಿನಕ್ಸ್‌ನಲ್ಲಿ ಫ್ಯಾಟ್‌ಸಾರ್ಟ್ ಅನ್ನುವ ಪುಟ್ಟ ಪ್ರೋಗ್ರಾಮ್ ಓಡಿಸಿದರೆ ಕ್ರಮ ಸರಿಯಾಗುತ್ತದೆ. ಆನ್ ಮಾಡಿದ ಕೂಡಲೇ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬ್ಲೂಟೂತ್ ತಯಾರಿದೆ ಅಂತ ಕೂಗುತ್ತಾಳೆ. ಅದನ್ನು ನಿಲ್ಲಿಸುವ ದಾರಿ ನನಗೆ ಸಿಕ್ಕಿಲ್ಲ.

ಸದ್ದಿನಲ್ಲಿ ಪೈ ಮತ್ತು ಡ್ಯಾಕ್ ಜೋಡಿಯ ಮುಂದೆ ಇದು ನಿಲ್ಲುವುದಿಲ್ಲ. ತಂಬೂರಿಯ ಶ್ರುತಿ ಪೈಯಲ್ಲಿ ಕೇಳುತ್ತದೆ, ಇದರಲ್ಲಿ ಹಿಂದೆ ಎಲ್ಲೋ ಕಳೆದುಹೋಗುತ್ತದೆ. ಆದರೆ ಗುಂಡಿ ಒತ್ತಿದರೆ ಹಾಡುತ್ತದೆ, ಕರೆಂಟು ಹೋಗಿ ಬಂದರೆ ನಿಂತ ಹಾಡಿನಿಂದಲೇ ಮುಂದುವರಿಯುತ್ತದೆ. ಗಡಿಯಾರ ಬೇಡ, ಸಿಮ್ ಬೇಡ, ನಾನೂ ಬೇಡ.

ಎರಡು ವರ್ಷದ ಮೇಲೆ ಮನೆಯಲ್ಲಿ ಉಳಿದದ್ದು ಹೀಗೆ. ಜಗಲಿಯಲ್ಲಿ ಪೈ, ಅಪ್ಪನಿಗೆ. ಅಟ್ಟದಲ್ಲಿ ಹಳೆ ಫೋನ್. ಹಾಡುವ ಕೆಲಸದಲ್ಲಿ ಸೋತದ್ದು ನೆಟ್ ಕೊಡುವ ಕೆಲಸದಲ್ಲಿ ಗೆದ್ದಿದೆ. ಇಎಸ್‌ಪಿ32ರ ಚಂದದ ಪೆಟ್ಟಿಗೆ ನನ್ನ ಜೊತೆ ಬೆಂಗಳೂರಿಗೆ ಬಂತು, ಇಲ್ಲಿ ವೈಫೈ ಇದೆ, ಸುಖವಾಗಿದೆ. ಅಡುಗೆಮನೆಯಲ್ಲಿ ಕೆಂಪು ಅಂಕಿಯ ಬೋರ್ಡು. ನಿಮ್ಮಲ್ಲಿ ಯಾರಾದರೂ ಕೇಳಿದರೆ ನಾನು ಪೈ ಮಾಡಿ ಅನ್ನುತ್ತೇನೆ, ವಾರಕ್ಕೊಮ್ಮೆಯಾದರೂ ಅದನ್ನು ವಿಚಾರಿಸಿಕೊಳ್ಳುವವರು ಮನೆಯಲ್ಲಿದ್ದರೆ ಮಾತ್ರ.

ಅಮ್ಮ ಕ್ಯಾಲೆಂಡರಿನ ಹಿಂದೆ ಪೆನ್ಸಿಲಿನಲ್ಲಿ ಪಟ್ಟಿ ಬರೆದಿಟ್ಟಿದ್ದಾರೆ, ಯಾವ ಅಂಕಿಗೆ ಯಾವ ಹಾಡು ಅಂತ. ರಿಮೋಟಿನಲ್ಲಿ 42 ಒತ್ತಿ ಒಗ್ಗರಣೆಗೆ ನಿಲ್ಲುತ್ತಾರೆ. ಹೋದ ವಾರ ಫೋನ್ ಮಾಡಿದ್ದರು. ಮುಂದಿನ ಸಲ ಬರುವಾಗ 118ನ್ನು ತೆಗೆದುಹಾಕು, ಅದನ್ನು ಇಲ್ಲಿ ಯಾರೂ ಕೇಳುವುದಿಲ್ಲ ಅಂದರು. 118 ನಾನು ಹಾಕಿದ ಹಾಡು.