ವಸ್ತಿ ಬಸ್ಸಿನಲ್ಲಿ ದೈವಶಾಸ್ತ್ರ: ಅಂಚೆ ಮೂಲಕ ಓದಿದ ಎರಡು ವರ್ಷ

ನಾನು ಗದಗಿನಲ್ಲಿ ಬಸ್ ಕಂಡಕ್ಟರ್. ಪಾದ್ರಿ ಅಯ್ಯನವರು ಬರಲಾಗದ ಭಾನುವಾರ ನಮ್ಮ ಕಡೆಯ ಒಂದು ಹಳ್ಳಿ ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಪ್ರಸಂಗ ಮಾಡುವವನು ನಾನೇ. ಸರಿಯಾಗಿ ಓದದೆ ಜನರ ಮುಂದೆ ನಿಲ್ಲಬಾರದು ಅನ್ನಿಸಿತು. ಅದಕ್ಕೇ ಅಂಚೆಯಲ್ಲಿ ಪಾಠ ಕಳಿಸುವ ದೈವಶಾಸ್ತ್ರದ ದೂರಶಿಕ್ಷಣ ಕೋರ್ಸಿಗೆ ಸೇರಿದೆ.

ವಾರಕ್ಕೆ ಮೂರು ರಾತ್ರಿ ನನಗೆ ವಸ್ತಿ ಡ್ಯೂಟಿ. ಊಟ ಮುಗಿದ ಮೇಲೆ ಬಸ್ಸಿನಲ್ಲೇ ಓದುತ್ತೇನೆ. ಒಳಗಿನ ದೀಪ ಹಚ್ಚಿದರೆ ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಲ್ಲ ಅಂತ ಡ್ರೈವರ್ ಅಣ್ಣ ಬಿಡುವುದಿಲ್ಲ. ಹಾಗಾಗಿ ಟಾರ್ಚ್ ಬೆಳಕು.

ಮೊದಲ ಆರು ತಿಂಗಳು ಬಹಳ ಕಷ್ಟವಾಯಿತು. ಪುಸ್ತಕದ ಕನ್ನಡ ಗಡುಸು. ಇಂಗ್ಲಿಷಿನಿಂದ ಹಾಗೇ ಇಳಿಸಿದ್ದಾರೆ. ಕಳಿಸಿದ ಉತ್ತರಗಳು ತಿದ್ದಿ ಬರಲು ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಏನು ಬರೆದಿದ್ದೆ ಅನ್ನುವುದೇ ಮರೆತಿತ್ತು. ಅಂಚೆಯಲ್ಲಿ ಬಂದ ಪಾಠದ ಎರಡು ಕಟ್ಟುಗಳನ್ನು ಒಡೆಯದೆ ಟ್ರಂಕಿನ ಮೇಲೆ ಇಟ್ಟುಬಿಟ್ಟೆ.

ಆಮೇಲೆ ನಮ್ಮ ಊರಲ್ಲೇ ಶನಿವಾರದ ಗುಂಪು ಶುರುವಾಯಿತು. ಐದು ಜನ. ಒಬ್ಬರು ನರ್ಸ್, ಒಬ್ಬರು ನಿವೃತ್ತ ಮಾಸ್ತರರು. ಗುಂಪು ನಡೆಸುವ ಅಕ್ಕ ಪಾಠ ಹೇಳುವುದಿಲ್ಲ. 'ಈ ವಾರ ಓದಿದ್ದು ಯಾರ ಮನೆಯಲ್ಲಿ ಉಪಯೋಗಕ್ಕೆ ಬಂತು?' ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಏನಾದರೂ ಹೇಳಬೇಕಲ್ಲ! ಓದು ನಿಲ್ಲದಂತೆ ಹಿಡಿದದ್ದು ಅದೇ.

ಮನೆಯಲ್ಲೇ ದೈವಶಾಸ್ತ್ರ ಓದಿ, ಊರಲ್ಲೇ ಕೂಡಿ ಚರ್ಚಿಸುವ ಈ ಪದ್ಧತಿ 1963ರಲ್ಲಿ ಗ್ವಾಟೆಮಾಲಾದಲ್ಲಿ ಶುರುವಾಯಿತಂತೆ. ಮನೆ, ದುಡಿಮೆ ಬಿಟ್ಟು ಸೆಮಿನರಿಗೆ, ಅಂದರೆ ಪಾದ್ರಿಗಳನ್ನು ತಯಾರು ಮಾಡುವ ಶಾಲೆಗೆ, ಬರಲಾಗದ ಹಳ್ಳಿ ಸಭೆಯ ಹಿರಿಯರ ಹತ್ತಿರ ಮಾಸ್ತರರೇ ಹೋದರು. ಬೆಂಗಳೂರಿನ ಟಾಫ್ಟಿ ಎಂಬ ದೈವಶಾಸ್ತ್ರ ದೂರಶಿಕ್ಷಣ ಸಂಸ್ಥೆ 1971ರಲ್ಲಿ ಇದೇ ದಾರಿ ಹಿಡಿಯಿತು. ನಾನು ಸೇರಿದ್ದು ಬೇರೆ ಕಡೆ.

ಎರಡನೇ ವರ್ಷ ಪಾಠದಲ್ಲಿ ಬೈಬಲಿನ ರೂತಳ ಪುಸ್ತಕ ಬಂತು. ರೂತಳು ಹೊಲದಲ್ಲಿ ಹಕ್ಕಲು, ಅಂದರೆ ಕೊಯ್ಲಾದ ಮೇಲೆ ಉಳಿದದ್ದನ್ನು, ಆಯುವುದು ನನಗೆ ಯಾರೂ ವಿವರಿಸಬೇಕಿರಲಿಲ್ಲ. ನಮ್ಮವ್ವ ಶೇಂಗಾ ಹಕ್ಕಲು ಆಯ್ದೇ ನಮ್ಮನ್ನು ಸಾಕಿದಳು. ಆದರೆ 'ಹೆಸೆದ್' ಎಂಬ ಹೀಬ್ರೂ ಮಾತು ಹೊಸದು. ಈ ಚಿಕ್ಕ ಪುಸ್ತಕದಲ್ಲಿ ಅದು ಮೂರು ಸಲ ಬರುತ್ತದೆ. ಬರೀ ದಯೆ ಅಂದರೆ ಸಾಲದು. ಬಿಟ್ಟು ಹೋಗಬಹುದಾದಾಗಲೂ ಬಿಡದೆ ಜೊತೆಗಿರುವುದು ಅದು.

ಅದೇ ವಾರ ಮಗನನ್ನು ಕಳೆದುಕೊಂಡ ಒಬ್ಬ ಅಜ್ಜಿಯ ಮನೆಗೆ ಹೋಗಿದ್ದೆ. 'ದೇವ್ರ ಮ್ಯಾಲೆ ಸಿಟ್ಟು ಬಂದ್ರ ಪಾಪ ಆಕ್ಕೈತೇನಪಾ?' ಅಂದಳು. ಮೊದಲಾಗಿದ್ದರೆ ಸಮಾಧಾನದ ಮಾತು ಹೇಳಿ ಎದ್ದು ಬರುತ್ತಿದ್ದೆ. ಅವತ್ತು ರೂತಳ ಪುಸ್ತಕದ ಮೊದಲನೇ ಅಧ್ಯಾಯದ ಕೊನೆ ಓದಿದೆ. ಗಂಡನನ್ನೂ ಇಬ್ಬರು ಮಕ್ಕಳನ್ನೂ ಕಳೆದುಕೊಂಡ ರೂತಳ ಅತ್ತೆ ನೊವೊಮಿ, ದೇವರು ತನ್ನನ್ನು ಬರಿಗೈಯಲ್ಲಿ ವಾಪಸ್ ತಂದ ಎಂದು ಊರ ಹೆಂಗಸರ ಮುಂದೆ ಹೇಳುತ್ತಾಳೆ. ಅಜ್ಜಿ ಸುಮ್ಮನೆ ಕೇಳಿದಳು. 'ಇನ್ನೊಮ್ಮೆ ಓದು' ಅಂದಳು. ಓದಿದೆ. ಶನಿವಾರ ಗುಂಪಿನಲ್ಲಿ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು.

ಪಾಠದ ಪುಸ್ತಕಗಳಿಗೆ ಐದರಲ್ಲಿ ಮೂರು ಕೊಡುತ್ತೇನೆ. ಗುಂಪಿಗೆ ಐದಕ್ಕೆ ಐದು. ಸೇರುವ ಮೊದಲು, ನಿಮ್ಮ ಊರಲ್ಲಿ ಗುಂಪು ಸೇರುತ್ತದಾ ಎಂದು ಕೇಳಿ. ಇಲ್ಲ ಅಂದರೆ ಫೀಸು ಕಟ್ಟುವ ಮುಂಚೆಯೇ ಜೊತೆಗೆ ಓದುವ ಇಬ್ಬರನ್ನಾದರೂ ಹುಡುಕಿಕೊಳ್ಳಿ.